ದೇವಕಣಗಿಲೆಗೆ ನೀರು ನಿಲ್ಲಿಸುವ ಕಾಲ

ಡಿಸೆಂಬರ್ ಬಂತೆಂದರೆ ನಮ್ಮ ನರ್ಸರಿಗೆ ಒಂದೇ ಬಗೆಯ ಫೋನ್ ಕರೆಗಳು. ‘ದೇವಕಣಗಿಲೆ ಎಲೆಯೆಲ್ಲ ಉದುರಿಸಿಕೊಂಡು ಬೋಳಾಗಿದೆ. ದಿನಾ ನೀರು ಹಾಕ್ತಿದೀವಿ, ಚಿಗುರೋದೇ ಇಲ್ಲ.’ ಮೊದಲು ನೀರು ನಿಲ್ಲಿಸಿ ಅನ್ನುತ್ತೇನೆ. ನಾನು ನೋಡಿದ ಮಟ್ಟಿಗೆ ಕುಂಡದ ದೇವಕಣಗಿಲೆ ಬಾಯಾರಿ ಸತ್ತದ್ದು ಅಪರೂಪ, ನೀರು ಹೆಚ್ಚಾಗಿ ಸತ್ತದ್ದೇ ಜಾಸ್ತಿ.

ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯಿಂದ ಬಂದ ಮರ ಇದು. ಮಳೆಯಿಲ್ಲದ ತಿಂಗಳುಗಳಲ್ಲಿ ದಪ್ಪ ಕೊಂಬೆಗಳಲ್ಲಿ ನೀರು ಕೂಡಿಟ್ಟುಕೊಂಡು, ಎಲೆ ಕಳಚಿ ಸುಮ್ಮನಿರುವುದು ಅದರ ಸ್ವಭಾವ. ಎಲೆಯಿಲ್ಲದಾಗ ಬೇರು ನೀರೆಳೆಯುವುದು ತೀರಾ ಕಡಿಮೆ. ಆಗ ಮಣ್ಣು ಸದಾ ಒದ್ದೆಯಾಗಿದ್ದರೆ ಬೇರು ಕೊಳೆತು, ಆ ಕೊಳೆ ಕಾಂಡಕ್ಕೂ ಹತ್ತುತ್ತದೆ.

ಗಿಡ ಬದುಕಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಹೆಬ್ಬೆರಳಿನಿಂದ ಕಾಂಡ ಒತ್ತಿ ನೋಡಿ. ಗಟ್ಟಿಯಿದ್ದರೆ ಚಿಂತೆಯಿಲ್ಲ. ಸಿಪ್ಪೆ ಸ್ವಲ್ಪ ಸುಕ್ಕುಗಟ್ಟಿದ್ದರೆ ಬಾಯಾರಿದೆ ಅಷ್ಟೆ, ಚೇತರಿಸಿಕೊಳ್ಳುತ್ತದೆ. ಬೆರಳು ಒಳಗಿಳಿದರೆ ಕೊಳೆತಿದೆ. ತಡಮಾಡದೆ ಹರಿತವಾದ ಚಾಕುವಿನಿಂದ ಮೆತ್ತಗಾದ ಜಾಗಕ್ಕಿಂತ ಮೇಲೆ ಕಾಂಡ ಕತ್ತರಿಸಿ, ಮೇಲಿನ ತುಂಡಿನ ಕತ್ತರಿಸಿದ ಜಾಗವನ್ನು ನೋಡಿ. ಒಳಗೆ ಬೆಳ್ಳಗಿದ್ದು ಹಾಲು ಒಸರಿದರೆ ಆ ಭಾಗ ಕ್ಷೇಮ. ಎಲ್ಲಾದರೂ ಕಂದು ಕಲೆ ಕಂಡರೆ ಅದು ಪೂರ್ತಿ ಹೋಗುವವರೆಗೆ ಕತ್ತರಿಸುತ್ತಾ ಹೋಗಬೇಕು, ಪ್ರತಿ ಸಲವೂ ಚಾಕು ಒರೆಸಿಕೊಂಡು. ಆ ಹಾಲು ಕಣ್ಣಿಗೆ ಬೀಳದಂತೆ ಎಚ್ಚರವಹಿಸಿ, ಕೆಲವರಿಗೆ ಚರ್ಮವೂ ಉರಿಯುತ್ತದೆ.

ಉಳಿದ ಒಳ್ಳೆಯ ತುದಿಯನ್ನು ಎಸೆಯಬೇಡಿ. ಒಂದಡಿ ಉದ್ದವಿದ್ದರೂ ಸಾಕು. ನೆರಳಲ್ಲಿ ಒಂದೆರಡು ವಾರ ಇಟ್ಟು, ಕತ್ತರಿಸಿದ ಬಾಯಿ ಒಣಗಿದ ಮೇಲೆ ಮರಳು ಬೆರೆಸಿದ ಕೆಂಪು ಮಣ್ಣಿನಲ್ಲಿ ಮೂರು ನಾಲ್ಕು ಇಂಚು ಊರಿ, ಕೋಲಿಗೆ ಕಟ್ಟಿ ನಿಲ್ಲಿಸಿ. ಫೆಬ್ರವರಿಯಿಂದ ಏಪ್ರಿಲ್ ಇದಕ್ಕೆ ಒಳ್ಳೆಯ ಕಾಲ. ಮೊದಲೆರಡು ಎಲೆ ಬಂದ ಕೂಡಲೇ ಬೇರೂರಿತು ಅಂದುಕೊಳ್ಳಬೇಡಿ. ಆ ಎಲೆ ಬರುವುದು ಕೊಂಬೆಯಲ್ಲಿ ಕೂಡಿಟ್ಟ ಸತ್ವದಿಂದ, ಬೇರು ಇನ್ನೂ ಬಂದಿರುವುದಿಲ್ಲ. ಆ ಹೊತ್ತಿನಲ್ಲಿ ಕಿತ್ತು ನೋಡುವುದು, ಕುಂಡ ಬದಲಿಸುವುದು, ಖುಷಿಯಿಂದ ನೀರು ಸುರಿಯುವುದು ಯಾವುದೂ ಬೇಡ.

ಹೂವಿನ ವಿಷಯಕ್ಕೆ ಬಂದರೆ, ದೇವಕಣಗಿಲೆ ಹೂಬಿಡುವುದು ಕೊಂಬೆಯ ತುದಿಯಲ್ಲೇ. ಹೂಗೊಂಚಲು ಬಂದ ತುದಿಯ ಕೆಳಗೆ ಎರಡೋ ಮೂರೋ ಹೊಸ ಕವಲು ಒಡೆಯುತ್ತವೆ, ಮುಂದಿನ ಗೊಂಚಲು ಆ ಕವಲುಗಳ ತುದಿಗೆ. ಅಪಾರ್ಟ್‌ಮೆಂಟ್‌ಗಳಲ್ಲಿ ಬೇಲಿ ಗಿಡದಂತೆ ಇದನ್ನು ವರ್ಷಕ್ಕೆರಡು ಸಲ ಸಮನಾಗಿ ಕತ್ತರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕತ್ತರಿಸಿದ ಕೊಂಬೆಯಲ್ಲಿ ಆ ವರ್ಷದ ಹೂ ಬಹುತೇಕ ಹೋದಂತೆ. ಸವರಲೇಬೇಕಿದ್ದರೆ ಎಲೆ ಉದುರಿದ ಮೇಲೆ, ಚಿಗುರುವ ಮುಂಚೆ ಸವರಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಜಾಗದಲ್ಲಿ ಯಾವ ಗೊಬ್ಬರ ಹಾಕಿದರೂ ಹೂವಿನ ಆಸೆ ಕಡಿಮೆ. ಯೂರಿಯಾ ಹಾಕಿದರಂತೂ ಬರೀ ಎಲೆ.

ಕೊಳ್ಳುವಾಗ ಎಲೆ ನೋಡಿ, ಯಾವ ಜಾತಿಯದ್ದೆಂದು ತಿಳಿದು ಕೊಳ್ಳಿ. ಚೂಪು ತುದಿಯದ್ದು ಕೆಂಪು, ಹಳದಿ, ಗುಲಾಬಿ ಬಣ್ಣಗಳಲ್ಲಿ ಬರುವ ರೂಬ್ರಾ, ಚಳಿಗಾಲಕ್ಕೆ ಬೋಳಾಗುವುದು ಇದೇ. ಗುಂಡು ತುದಿಯ ಹೊಳಪೆಲೆಯದ್ದು ಬಿಳಿ ಹೂವಿನ ಒಬ್ಟೂಸಾ, ಬೆಚ್ಚಗಿನ ಕರಾವಳಿಯಲ್ಲಿ ಎಲೆ ಉಳಿಸಿಕೊಳ್ಳುತ್ತದೆ. ಸೌಟಿನಾಕಾರದ ಎಲೆಯ ಪುಡಿಕಾ ವರ್ಷದ ಬಹುಪಾಲು ಬೆಳ್ಳಗೆ ಅರಳಿರುತ್ತದೆ, ಆದರೆ ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಪರಿಮಳಕ್ಕಾಗಿಯೇ ನೆಡುವವರು ರೂಬ್ರಾ ಆರಿಸಿಕೊಳ್ಳಿ. ಅದರ ಘಮ ಹೆಚ್ಚುವುದು ರಾತ್ರಿ. ಹೂವಿನಲ್ಲಿ ಮಕರಂದವೇ ಇಲ್ಲ, ಬರೀ ವಾಸನೆಯಿಂದಲೇ ದೊಡ್ಡ ಪತಂಗಗಳನ್ನು ಕರೆಸಿಕೊಂಡು ಪರಾಗಸ್ಪರ್ಶ ಮಾಡಿಸಿಕೊಳ್ಳುತ್ತದೆ!

ಮಳೆಗಾಲದಲ್ಲಿ ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಆ ಎಲೆಗಳನ್ನು ಕಿತ್ತು, ಉದುರಿದ್ದನ್ನೂ ಗುಡಿಸಿ ದೂರ ಹಾಕಿ. ಬಲಿತ ಮರ ಇದರಿಂದ ಸಾಯುವುದಿಲ್ಲ, ಔಷಧಿ ಸಿಂಪಡಿಸುವ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ.

ಬೋಳು ಕೊಂಬೆಯ ತುದಿಯಲ್ಲಿ ಹಸಿರು ಚಿಗುರು ಕಂಡ ದಿನ ನೀರು ಮತ್ತೆ ಶುರುಮಾಡಿ. ಮೊದಲು ವಾರಕ್ಕೊಮ್ಮೆ, ಎಲೆ ಬಲಿತ ಮೇಲೆ ಮೇಲ್ಮಣ್ಣು ಒಣಗಿದಾಗಲೆಲ್ಲ. ನೆಲದಲ್ಲಿ ಬೇರೂರಿದ ಮರಕ್ಕೆ ಅದೂ ಹೆಚ್ಚಾಗಿ ಬೇಕಾಗುವುದಿಲ್ಲ.