ಲ್ಯಾಪ್‌ಡಾಗ್ ಅನ್ನೋದು ನಾಯಿಯ ಜಾತಿ ಅಲ್ಲ

ರಷ್ಯನ್ ಕತೆಗಾರ ಚೆಕಾಫ್‌ನ 'ದಿ ಲೇಡಿ ವಿತ್ ದ ಡಾಗ್' ಕತೆಯ ಹೆಂಗಸಿನ ನಾಯೀನ ಇನ್ನೊಂದ್ಸಲ ಯಾರಾದ್ರೂ "ಮುದ್ದು ಮಾಡಿ ಕೆಡಿಸಿದ ಲ್ಯಾಪ್‌ಡಾಗ್" (ಮಡಿಲಲ್ಲಿ ಕೂರಿಸ್ಕೊಂಡು ಮುದ್ದಾಡೋ ನಾಯಿ) ಅಂದ್ರೆ ನಾನು ಎದ್ದು ಹೋಗೋದೇ. ಮೊನ್ನೆ ಇಲ್ಲೇ ಮುಂಬೈಲಿ ಒಂದು ಕನ್ನಡ ಪುಸ್ತಕದ ಕೂಟದಲ್ಲಿ ಕೇಳಿದೆ, ಅದಕ್ಕೂ ಮುಂಚೆ ವಾಟ್ಸಾಪ್ ಗ್ರೂಪಲ್ಲಿ, ಅದಕ್ಕೂ ಮುಂಚೆ ಯಾವುದೋ ರೀಲ್‌ನಲ್ಲಿ. ನಾಯಿ ಬೆಳ್ಳಗೆ ಸಣ್ಣಗಿದ್ದು ಬೊಗಳ್ತಾ ಇದ್ರೆ ಅದು ಪಾಮೇರಿಯನ್, ಪಾಮೇರಿಯನ್ ಆದ್ರೆ ಅದು ಲ್ಯಾಪ್‌ಡಾಗ್, ಲ್ಯಾಪ್‌ಡಾಗ್ ಅಂದ್ಮೇಲೆ ಒಡತಿ ದುಡ್ಡಿರೋಳು, ಕೆಲ್ಸ ಇಲ್ದೋಳು, ಸ್ವಲ್ಪ ಪೆದ್ದಿ. ಇದ್ರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ.

ಪದದಿಂದಾನೇ ಶುರು ಮಾಡೋಣ, ಯಾಕಂದ್ರೆ ಎಡವೋದು ಅಲ್ಲೇ. ಇಂಗ್ಲಿಷಿನ ಲ್ಯಾಪ್ ಮೊದ್ಲು ಮೈಯ ಭಾಗವೇ ಅಲ್ಲ, ಬಟ್ಟೆಯ ಭಾಗ. ಅಂಗಿ ಲಂಗಗಳ ಜೋಲಾಡೋ ಅಂಚಿಗೆ ಹಳೇ ಇಂಗ್ಲಿಷಲ್ಲಿ ಆ ಹೆಸರು, ಕೂತಾಗ ಆ ಬಟ್ಟೆ ತೊಡೆ ಮೇಲೆ ಹರಡ್ಕೊಳುತ್ತಲ್ಲ, ಬರಬರ್ತಾ ಆ ಜಾಗಕ್ಕೇ ಹೆಸರು ಅಂಟ್ಕೊಂಡ್ತು. ಲ್ಯಾಪ್‌ಡಾಗ್ ಅನ್ನೋ ಜೋಡಿಪದ ಬಂದಿದ್ದು ಆಮೇಲೆ, 17ನೇ ಶತಮಾನದ ನಡುವಿನಲ್ಲಿ. ನಮ್ಮ ಮಡಿಲು ನೋಡಿ, ಅದೇ ದಾರಿ. ಮಡಿಚೋದರಿಂದ ಮಡಿಲು, ಸೆರಗನ್ನ ಮಡಿಚಿ ಚೀಲ ಮಾಡ್ಕೊಂಡ್ರೆ ಅದು ಮಡಿಲು. ಉತ್ತರ ಕರ್ನಾಟಕದೋರ ಉಡಿ ಇನ್ನೂ ನೇರ, ಉಡೋದರಿಂದ ಉಡಿ. ಇಲ್ಲಿ ಪಕ್ಕದ್ಮನೆ ಮರಾಠಿಯೋರು ಓಟಿ ತುಂಬೋಕೆ ಕರೀತಾರಲ್ಲ, ಅಲ್ಲೂ ಅಕ್ಕಿ ತೆಂಗಿನಕಾಯಿ ಬ್ಲೌಸ್‌ಪೀಸ್ ಬೀಳೋದು ಚಾಚಿದ ಸೆರಗಿಗೆ, ತೊಡೆಗಲ್ಲ. ತೊಡೆ ಅಂದ್ರೆ ಅಂಗ, ನಿಂತ್ರೂ ಇರುತ್ತೆ, ಮಲಗಿದ್ರೂ ಇರುತ್ತೆ. ಮಡಿಲು ಹಾಗಲ್ಲ, ಕೂತ್ರೆ ಉಂಟು, ಎದ್ರೆ ಇಲ್ಲ. ಅದಕ್ಕೇ ಲ್ಯಾಪ್‌ಡಾಗನ್ನ 'ತೊಡೆನಾಯಿ' ಅಂತ ಅನುವಾದ ಮಾಡೋರ ಮೇಲೆ ನಂಗೆ ಸಿಟ್ಟು, ಕೇಳಿದ್ರೆ ಚಿಕನ್ ಅಂಗಡೀಲಿ ಲೆಗ್ ಪೀಸ್ ಕೇಳ್ದಂಗಿರುತ್ತೆ. ಮಡಿಲ ನಾಯಿ ಅನ್ನಿ, ಸಾಕು. (ಹಿಂದಿಯ ಗೋದಿಯೂ ಇದೇ ಮಡಿಲು, ಟಿವಿ ಚಾನೆಲ್‌ಗಳನ್ನ 'ಗೋದಿ ಮೀಡಿಯಾ' ಅಂತ ಬೈಯೋಕೆ ಬಳಸ್ತಾರಲ್ಲ ಅದು. ಆದ್ರೆ ಮರಾಠೀಲಿ ಗೋದಿ ಅಂದ್ರೆ ಹಡಗಿನ ಡಾಕ್, ಕನ್ನಡದ ಕಿವಿಗೆ ಚಪಾತಿ ಹಿಟ್ಟು. ಮುಂಬೈಲಿ ಕೂತು ಆ ಬೈಗುಳ ಅರ್ಥ ಮಾಡ್ಕೊಳೋಕೆ ಮೂರು ಭಾಷೆ ದಾಟ್ಬೇಕು.)

ಮಡಿಲು ಅನ್ನೋದು ಮಗುವಿನ ಜಾಗ, ಅಲ್ಲಿ ಯಾರು ಕೂರ್ಬೇಕು ಅಂತ ತೀರ್ಮಾನ ಮಾಡೋದು ಮಡಿಲಿನೋರು. ಹಂಗಾಗಿ ಲ್ಯಾಪ್‌ಡಾಗ್ ಅನ್ನೋದು ಒಂದು ಹುದ್ದೆ, ಒಡೆಯರು ಕೊಡೋದು. ಟಾಯ್ ಗ್ರೂಪ್ ಅಂತ ಕೆನಲ್ ಕ್ಲಬ್‌ನೋರು ಪಟ್ಟಿ ಮಾಡ್ತಾರಲ್ಲ, ಪಗ್ಗು, ಪೆಕಿಂಗೀಸು, ಮಾಲ್ಟೀಸು, ಚಿವಾವಾ, ಅದು ಬೇರೆ ವಿಷಯ, ಅದು ಜಾತಿ ನಾಯಿಗಳ ಪಟ್ಟಿ. ಪಟ್ಟೀಲಿ ಇರೋ ನಾಯಿ ಮಡಿಲಿಗೆ ಏರ್ದೇನೇ ಇರಬಹುದು, ಇಲ್ದೇ ಇರೋ ಕಂತ್ರಿ ನಾಯಿ ಏರಬಹುದು.

ಈಗ ಚೆಕಾಫ್. 1899ರ ಕತೆ, ಯಾಲ್ಟಾ ಅನ್ನೋ ಸಮುದ್ರತೀರದ ಊರು. ರಷ್ಯನ್ ಶೀರ್ಷಿಕೇಲಿ ಇರೋದು ಸೊಬಾಚ್ಕಾ, ನಾಯಿ ಅನ್ನೋ ಪದದ ಸಣ್ಣ ರೂಪ, ಅಷ್ಟೇ, ಅದರಲ್ಲಿ ಮಡಿಲೂ ಇಲ್ಲ ತೊಡೆಯೂ ಇಲ್ಲ. ಇಂಗ್ಲಿಷಿಗೆ ತರೋವಾಗ ಒಬ್ಬೊಬ್ರು ಒಂದೊಂದು ಮಾಡಿದ್ರು, ಕಾನ್ಸ್ಟನ್ಸ್ ಗಾರ್ನೆಟ್ ಬರೀ ಡಾಗ್ ಅಂತ ಬಿಟ್ರು, ಕೆಲವರು ಲಿಟ್ಲ್ ಡಾಗ್ ಅಂದ್ರು, ಮಗಾರ್ಷ್ಯಾಕ್ ಲ್ಯಾಪ್‌ಡಾಗ್ ಅಂದ್ಬಿಟ್ರು, ಮತ್ತೆ ನಮ್ಮೋರು ಓದೋದು ಆ ಇಂಗ್ಲಿಷನ್ನೇ ತಾನೇ, ಅಲ್ಲಿಂದ ಲ್ಯಾಪ್ ಇಳಿದು ಬಂತು. ಕತೆ ಒಳಗೆ ಹೋಗಿ ನೋಡಿ. ಕತೆಯ ನಾಯಕ ಗುರೋವ್ ಮೊದಲ ಸಲ ಆ ಹೆಂಗಸು ಅನ್ನಾನ ನೋಡಿದಾಗ ಅವಳ ಹಿಂದೆ ಸ್ಪಿಟ್ಜ್ ಅನ್ನೋ ಜಾತಿಯ ಒಂದು ಬಿಳೀ ನಾಯಿ ಓಡ್ತಾ ಬರ್ತಿರುತ್ತೆ. ಓಡ್ತಾ, ಸ್ವಾಮಿ, ನಾಲ್ಕು ಕಾಲಲ್ಲಿ, ನೆಲದ ಮೇಲೆ. ಆಮೇಲೆ ತೋಟದ ಹೋಟೆಲಲ್ಲಿ ಅವನು ಅದನ್ನ ಹತ್ರ ಕರೆದು ಬೆರಳು ಆಡಿಸಿ ಹೆದರಿಸ್ತಾನೆ, ಅದು ಗುರ್ ಅನ್ನುತ್ತೆ, ಅವಳು ಕಚ್ಚಲ್ಲ ಅಂತಾಳೆ, ನಾಚ್ಕೊಳ್ತಾಳೆ, ಇವನು ಮೂಳೆ ಕೊಡ್ಲಾ ಅಂತ ಕೇಳ್ತಾನೆ. ಮಾತು ಶುರು ಆಯ್ತು, ನಾಯಿ ಕೆಲ್ಸ ಮುಗೀತು, ಆಮೇಲೆ ಅದು ಬಹಳ ಹೊತ್ತು ಕತೇಲಿ ಕಾಣೋದೇ ಇಲ್ಲ. ಕೊನೆ ಕಡೆ ಅವನು ಅವಳ ಊರಿಗೆ ಹುಡ್ಕೊಂಡು ಹೋಗಿ ಮನೆ ಬೇಲಿ ಮುಂದೆ ಓಡಾಡ್ತಿರೋವಾಗ ಒಬ್ಬ ಮುದುಕಿ ಹಿಂದೆ ಅದೇ ಬಿಳೀ ನಾಯಿ ಆಚೆ ಬರುತ್ತೆ, ಕರೀಬೇಕು ಅನ್ಸುತ್ತೆ, ಎದೆ ಹೊಡ್ಕೊಳ್ತಿರೋದ್ರಲ್ಲಿ ನಾಯಿ ಹೆಸರೇ ನೆನಪಿಗೆ ಬರಲ್ಲ. ಇದಿಷ್ಟು. ಮಡಿಲಿಗೆ ಹತ್ತಿದ್ದೆಲ್ಲಿ, ಕೆಟ್ಟುಹೋಗಿದ್ದೆಲ್ಲಿ? ಕನ್ನಡಕ್ಕೆ ತರೋರು 'ನಾಯಿಮರಿ' ಅನ್ನೋದೂ ಬೇಡ, ಅದು ಮರಿ ಅಲ್ಲ, ಬೆಳೆದ ನಾಯಿ. ಪುಟ್ಟ ನಾಯಿ ಅನ್ನಿ.

ಇನ್ನು ಸ್ಪಿಟ್ಜ್ ಅಂದ್ರೆ ಪಾಮೇರಿಯನ್ ತಾನೇ ಅಂತ ಯಾರೋ ಕೇಳೇ ಕೇಳ್ತಾರೆ. ಪಾಮೇರಿಯನ್ ಹೆಸರು ಬಾಲ್ಟಿಕ್ ಕಡಲ ದಂಡೆಯ ಪಾಮೇರೇನಿಯಾ ಅನ್ನೋ ಸೀಮೆಯಿಂದ, ಇವತ್ತಿಗೆ ಸ್ವಲ್ಪ ಜರ್ಮನಿ, ಬಹುಪಾಲು ಪೋಲೆಂಡ್. ಮೊದ್ಲು ದೊಡ್ಡದಾಗೇ ಇತ್ತು, ಕೈಯಲ್ಲಿ ಹಿಡಿಯೋ ಸೈಜ್ ಫ್ಯಾಷನ್ ಆಗಿದ್ದು ವಿಕ್ಟೋರಿಯಾ ರಾಣಿ ಸಣ್ಣವನ್ನ ಸಾಕೋಕೆ ಶುರು ಮಾಡಿದ್ಮೇಲೆ. ನಮ್ಮ ದಾದರ್, ಮುಲುಂಡ್, ಡೊಂಬಿವಲಿ ಫ್ಲಾಟುಗಳಲ್ಲಿ ಪಾಮೇರಿಯನ್ ಅಂತ ಬೆಳೆದಿದ್ದು ಬಹುಪಾಲು ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿಯೂ ಅದೇ. ಬಾಲ ಮಾತ್ರ ಎಲ್ಲಕ್ಕೂ ಬೆನ್ನ ಮೇಲೆ ಸುರುಳಿ, ಪುರಂದರದಾಸರ ಡೊಂಕು ಬಾಲದ ನಾಯಕರೇ. ಟಫಿ ಕ್ರಿಕೆಟ್‌ಗೆ ಅಂಪೈರ್ ಆಗುತ್ತೆ, ಕೊನೇಲಿ ಚೀಟಿ ತಲುಪಿಸಿ ಮದುವೇನೇ ಅದಲು ಬದಲು ಮಾಡುತ್ತೆ, ಆ ಮನೇಲಿ ಅದರಷ್ಟು ಕೆಲಸ ಮಾಡಿದೋರು ಇನ್ನೊಬ್ರಿಲ್ಲ. ಅದನ್ನ ಲ್ಯಾಪ್‌ಡಾಗ್ ಅನ್ನೋದು ಅನ್ಯಾಯ.

ಪ್ರೀತಿ ಜಾಸ್ತಿ ಇದ್ರೆ ಲ್ಯಾಪ್‌ಡಾಗ್ ಅನ್ನೋರೂ ಇದ್ದಾರೆ. ಹಾಗಾದ್ರೆ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಹುಲಿಯ? ನಾಯಿಗುತ್ತಿ ಅಂತ ಮನುಷ್ಯನಿಗೇ ನಾಯಿಯಿಂದ ಹೆಸರು ಬಂದಿದೆ, ಅವನಷ್ಟು ನಾಯೀನ ಹಚ್ಕೊಂಡೋರು ಕನ್ನಡ ಕಾದಂಬರೀಲಿ ಇನ್ಯಾರಿದ್ದಾರೆ, ಆದ್ರೂ ಹುಲಿಯನ ಜಾಗ ಅವನ ಪಕ್ಕದಲ್ಲಿ, ಮಳೇಲಿ ಕಾಡಲ್ಲಿ, ಕೊನೆಗೆ ತುಂಬಿದ ತುಂಗೆಯಲ್ಲಿ. 'ಕರ್ವಾಲೊ' ಕಾದಂಬರಿಯ ಕಿವಿಯೂ ಮುದ್ದಿನದೇ, ಓಡಾಟ ಮಾತ್ರ ಗದ್ದೆ ಕಾಡಿನದು. ನಮ್ಮ ಒಳ್ಳೇ ಕಾದಂಬರಿಗಳ ನಾಯಿಗಳಿಗೆ ಸೋಫಾ ಸಿಕ್ಕಿದ್ದು ಕಮ್ಮಿ.

ಅಸಲಿ ಮಡಿಲ ನಾಯಿ ಬೇಕಾ, ಇಂಗ್ಲಿಷ್ ಕಾದಂಬರಿಗೆ ಹೋಗಿ. ಜೇನ್ ಆಸ್ಟಿನ್‌ಳ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' (1814), ಅದರ ಲೇಡಿ ಬರ್ಟ್ರಮ್‌ಗೆ ನಾಲ್ಕು ಮಕ್ಕಳು, ಮಡಿಲು ಖಾಲಿ ಇದ್ದೋರೇ ನಾಯಿ ಸಾಕೋದು ಅನ್ನೋ ಥಿಯರಿ ಅಲ್ಲೇ ಬಿತ್ತು. ಆಯಮ್ಮ ದಿನವೆಲ್ಲಾ ಸೋಫಾದಲ್ಲಿ ಕೂತು ಹೊಲಿಗೆ ಹಾಕೋದು, ಮಕ್ಕಳಿಗಿಂತ ಪಗ್ಗಿನ ಯೋಚನೆ ಜಾಸ್ತಿ. ನಾಯಿಗೆ ಹೆಸರೂ ಇಟ್ಟಿಲ್ಲ, ಬರೀ ಪಗ್. ಒಂದು ಕಡೆ ಅದು ಗಂಡು, ಇನ್ನೊಂದು ಕಡೆ ಮರಿ ಹಾಕಿದ್ರೆ ನಿಂಗೊಂದು ಕೊಡ್ತೀನಿ ಅಂತ ಮನೇಲಿ ಬೆಳೆದ ನಂಟರ ಹುಡುಗಿ ಫ್ಯಾನಿಗೆ ಮಾತು ಕೊಡ್ತಾಳೆ. ಆಸ್ಟಿನ್ ತಪ್ಪಿದ್ಲು ಅಂತ ಪಂಡಿತರು ಹೇಳ್ತಾರೆ, ನಂಗೇನೋ ಆ ಮನೇಲಿ ಯಾರೂ ಆ ನಾಯೀನ ಸರಿಯಾಗಿ ನೋಡೇ ಇಲ್ಲ ಅನ್ಸುತ್ತೆ.

ಡಿಕನ್ಸ್‌ನ 'ಡೇವಿಡ್ ಕಾಪರ್‌ಫೀಲ್ಡ್'ನಲ್ಲಿ (1849–50) ಡೇವಿಡ್‌ನ ಹೆಂಡತಿ ಡೋರಾಳ ಜಿಪ್ ಇದೆ, ಸ್ಪ್ಯಾನಿಯಲ್. ಅದಕ್ಕೆ ಇರೋಕೆ ಮೇಲ್ಗಡೆ ಗಂಟೆ ಕಟ್ಟಿದ ಚೀನೀ ಪಗೋಡ, ದಿನಾ 12 ಗಂಟೆಗೆ ಒಂದು ಮಟನ್ ಚಾಪ್, ಕೊಡದಿದ್ರೆ ಸತ್ತೇ ಹೋಗುತ್ತೆ ಅಂತ ಡೋರಾ ವಾದ. ಮನೆಗೆ ಊಟಕ್ಕೆ ಬಂದಿರೋ ಗೆಳೆಯನ ಮುಂದೆ ಟೇಬಲ್ ಬಟ್ಟೆ ಮೇಲೇ ಓಡಾಡುತ್ತೆ, ಉಪ್ಪಲ್ಲೋ ಕರಗಿದ ಬೆಣ್ಣೇಲೋ ಕಾಲಿಡುತ್ತೆ, ಡೇವಿಡ್ ಬಾಯಿ ಬಿಡಲ್ಲ. ಗಂಡನಿಗೆ ಸಂಸಾರದ ಬಗ್ಗೆ ಹೇಳ್ಬೇಕಾಗಿದ್ದೆಲ್ಲಾ ಆ ನಾಲ್ಕು ಹೆಜ್ಜೇಲಿ ಹೇಳಿ ಆಯ್ತು. ಡೋರಾ ತೀರ್ಕೊಂಡ ಹೊತ್ತಿಗೇ ಜಿಪ್ಪೂ ಹೋಗುತ್ತೆ, ಅದು ಡಿಕನ್ಸ್ ಅತಿ ಮಾಡಿದ್ದು. ಇನ್ನೂ ಹಿಂದಕ್ಕೆ ಹೋದ್ರೆ 18ನೇ ಶತಮಾನದ ಶುರುವಿನಲ್ಲೇ ಅಲೆಕ್ಸಾಂಡರ್ ಪೋಪ್ ಅನ್ನೋ ಇಂಗ್ಲಿಷ್ ಕವಿ, ಗಂಡ ಸತ್ರೂ ಲ್ಯಾಪ್‌ಡಾಗ್ ಸತ್ರೂ ಶ್ರೀಮಂತರ ಮನೇಲಿ ಕಿರುಚಾಟ ಒಂದೇ ಅಂತ ಕುಟುಕಿ ಆಗಿದೆ.

ಎಲ್ಲರಿಗಿಂತ ನಂಗೆ ಇಷ್ಟ ಪ್ರಾಣಿಗಳ ಡಾಕ್ಟ್ರು ಜೇಮ್ಸ್ ಹೆರಿಯಟ್ ಬರೆದ ಮಿಸೆಸ್ ಪಂಫ್ರೇ ಮತ್ತು ಅವರ ಪೆಕಿಂಗೀಸ್ ಟ್ರಿಕಿ ವೂ. ತಿಂದೂ ತಿಂದೂ ನಾಯಿ ಊದ್ಕೊಂಡಿದೆ, ಡಾಕ್ಟ್ರು ಎತ್ಕೊಂಡು ಹೋಗಿ ಆಸ್ಪತ್ರೇಲಿ ಇಟ್ಕೊಂಡು ಬರೀ ನೀರು ಕೊಟ್ಟು ಬೇರೆ ನಾಯಿಗಳ ಜೊತೆ ಓಡಾಡೋಕೆ ಬಿಡ್ತಾರೆ, ಚಿಕಿತ್ಸೆ ಅಂದ್ರೆ ಅಷ್ಟೇ. ಯಜಮಾನ್ತಿ ಮನೇಲಿ ಸಂಕಟ ತಡೀಲಾರದೆ ಟ್ರಿಕಿಗೆ ಶಕ್ತಿ ಬರ್ಲಿ ಅಂತ ಮೊದ್ಲು ಮೊಟ್ಟೆ, ಆಮೇಲೆ ವೈನು, ಆಮೇಲೆ ಬ್ರಾಂಡಿ ಕಳಿಸ್ತಾರೆ, ಅದೆಲ್ಲಾ ಹೋಗೋದು ಡಾಕ್ಟ್ರ ಹೊಟ್ಟೆಗೆ. ಬೇಗ ಗುಣ ಆಯ್ತು ಅಂತ ಹೇಳೋಕೆ ಅವರಿಗೆ ಮನಸ್ಸೇ ಬರಲ್ಲ. ಇಲ್ಲಿ ಗಮನಿಸಿ, ಹೆರಿಯಟ್ ಆಯಮ್ಮನ್ನ ನಗ್ತಾರೆ, ಹಂಗಿಸಲ್ಲ. ಮುದ್ದು ಮಾಡೋರನ್ನ ಪೆದ್ದರು ಅಂತ ತೋರಿಸದೇನೇ ನಗಿಸಬಹುದು ಅಂತ ನಮ್ಮ ಸೀರಿಯಲ್ ಬರೆಯೋರಿಗೆ ಯಾರಾದ್ರೂ ಹೇಳ್ಬೇಕು.

ಬೊಗಳೋದರ ಬಗ್ಗೆ ಒಂದೇ ಮಾತು. ಸಣ್ಣ ನಾಯಿ ಕ್ಯಾಂವ್ ಕ್ಯಾಂವ್ ಅನ್ನೋದು ಮುದ್ದಿನಿಂದ ಕೆಟ್ಟೇ ಆಗ್ಬೇಕಿಲ್ಲ. ಟಿಬೆಟಿನ ಮಠಗಳಲ್ಲಿ ಲಾಸಾ ಆಪ್ಸೋ ಒಳಗಿನ ಕಾವಲಿಗೆ ಇದ್ದಿದ್ದು, ಸದ್ದಾದ್ರೆ ಕೂಗೋದೇ ಅದರ ಡ್ಯೂಟಿ.

ಕನ್ನಡದಲ್ಲಾದ್ರೆ ಮಡಿಲ ನಾಯಿ ಕಂಡುಹಿಡಿಯೋಕೆ ಒಳ್ಳೇ ಉಪಾಯ ಒಂದಿತ್ತು. ನಮ್ಮಲ್ಲಿ ನಾಯಿ 'ಅದು', ನಾಯಿ ಬಂತು, ತಿಂತು, ಮಲಗ್ತು. ಯಾರ ಬಾಯಲ್ಲಿ "ಟಾಮಿ ಬಂದ, ಇನ್ನೂ ಊಟ ಮಾಡಿಲ್ಲ ಅವನು" ಅಂತ ಬರುತ್ತೋ ಅವರ ಮಡಿಲು ತುಂಬಿದೆ ಅಂತ ತಿಳ್ಕೋಬಹುದು. ಊರಲ್ಲಿ ಈ ಲೆಕ್ಕ ನಡೆಯುತ್ತೆ. ಮುಂಬೈಲಿ ಕೆಟ್ಟುಹೋಯ್ತು, ಯಾಕಂದ್ರೆ ಹಿಂದೀಲಿ ನಾಯಿ ಗಂಡೋ ಹೆಣ್ಣೋ ಆಗಲೇಬೇಕು, ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಗೇಟಿನ ಬೀದಿ ನಾಯಿಗೂ "ಅವ್ನು ಬಂದ" ಅಂತಾವೆ, ಅದರಲ್ಲಿ ಮುದ್ದೇನೂ ಇಲ್ಲ, ಬರೀ ವ್ಯಾಕರಣ.

ಹಂಗಾಗಿ ಇಲ್ಲಿ ಬೇರೆ ಪರೀಕ್ಷೆ ಬೇಕು, ನಾಯೀನ ಕೆಳಗೆ ಕರ್ಕೊಂಡು ಹೋಗೋರು ಯಾರು ಅಂತ ನೋಡೋದು. ಮಡಿಲು ಒಬ್ಬರದು, ಬೆಲ್ಟ್ ಹಿಡಿಯೋ ಕೈ ಇನ್ನೊಬ್ಬರದು ಆದ್ರೆ ಅನುಮಾನ ಬೇಡ. ಇದನ್ನ ಹಿಡಿದು ಕತೆ ಮಾಡಿದ್ದು ಅಗಾಥಾ ಕ್ರಿಸ್ಟಿ. ಆ ಕತೆಯ ನಾಯಿ ಪೆಕಿಂಗೀಸ್, ಆ ಜಾತಿ ಯೂರೋಪಿಗೆ ಬಂದಿದ್ದೇ ಲೂಟಿ ಮಾಲಾಗಿ, 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗಿನ ಬೇಸಿಗೆ ಅರಮನೆ ದೋಚಿದಾಗ, ಅದರಲ್ಲಿ ಒಂದನ್ನ ವಿಕ್ಟೋರಿಯಾಗೆ ಕೊಟ್ಟು ಲೂಟಿ ಅಂತಾನೇ ಹೆಸರಿಟ್ರು, ನಮ್ಮ ಕಡೆಯ ಪದವೇ ಅದು. 1947ರಲ್ಲಿ ಪುಸ್ತಕವಾದ 'ಹರ್ಕ್ಯುಲೀಸನ ಸಾಹಸಗಳು' ಅನ್ನೋ ಪತ್ತೇದಾರ ಪ್ವಾರೋನ ಕತೆಗಳಲ್ಲಿ ಮೊದಲನೇದು ಪೆಕಿಂಗೀಸ್ ಕಳ್ಳತನದ್ದು. ನಾಯೀನ ಪಾರ್ಕಿಗೆ ಕರ್ಕೊಂಡು ಹೋಗೋದು ಸಂಬಳದ ಜೊತೆಗಾತಿ ಮಿಸ್ ಕಾರ್ನಬಿ. ಒಡತಿಯ ನಾಯೀನ ತನ್ನ ಫ್ಲಾಟಲ್ಲಿ ಬಿಟ್ಟು, ನೋಡೋಕೆ ಅದೇ ಥರ ಇರೋ ತನ್ನ ಸ್ವಂತ ಆಗಸ್ಟಸ್‌ನ ಪಾರ್ಕಿಗೆ ಒಯ್ದು, ಬೆಲ್ಟ್ ಕತ್ತರಿಸಿ ಬಿಡ್ತಾಳೆ. ಅದು ದಾರಿ ಗೊತ್ತಿರೋ ನಾಯಿ, ತಾನೇ ಮನೆಗೆ ಹೋಗುತ್ತೆ. ಶ್ರೀಮಂತರಿಂದ ದುಡ್ಡು ವಸೂಲಿ, ವಯಸ್ಸಾದ್ಮೇಲೆ ಕೆಲಸವೂ ಇಲ್ದೆ ಉಳಿತಾಯವೂ ಇಲ್ದೆ ಇರೋ ಜೊತೆಗಾತಿಯರಿಗೆ ಅದು ಪೆನ್ಷನ್. ಆ ಕತೇಲಿ ಎರಡು ಪೆಕಿಂಗೀಸ್, ಜಾತಿ ಒಂದೇ, ಎತ್ತರ ಒಂದೇ, ಬಣ್ಣ ಒಂದೇ, ಅವುಗಳಲ್ಲಿ ಲ್ಯಾಪ್‌ಡಾಗ್ ಒಂದೇ ಒಂದು.