ಆಸ್ಟಿಯಾನಿನ ಉಂಗುರಗಳನ್ನು ಯಾವ ಕಡೆಯಿಂದ ಓದಬೇಕು? ಮೂಳೆ ಅಂಗಾಂಶದ ಅಧ್ಯಯನ ಟಿಪ್ಪಣಿ

ಆಸ್ಟಿಯಾನ್ ಎಂದರೆ ಗಟ್ಟಿಮೂಳೆಯನ್ನು ರೂಪಿಸುವ, ಅಡ್ಡ ಕೊಯ್ದರೆ ಉಂಗುರಗಳು ಕಾಣುವ ಸಣ್ಣ ಕೊಳವೆಯಂಥ ಘಟಕ. ಅದಕ್ಕೆ ಹೋಗುವ ಮುನ್ನ ಮೂಳೆ ಯಾವುದರಿಂದ ಆಗಿದೆ ಎಂದು ನೋಡೋಣ. ಮೂಳೆಯ ಸಂಯೋಜನೆಯನ್ನು ಬಾಯಿಪಾಠ ಮಾಡುವ ಮೊದಲು ಅದನ್ನು ಕೈಯಾರೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಹಾಸನದಲ್ಲಿ ನಾವು ಮೂವರು ಸಹಪಾಠಿಗಳು ಬಾಡಿಗೆಗಿರುವ ಮನೆಯಲ್ಲಿ, ಕೋಳಿ ಅಂಗಡಿಯಿಂದ ತಂದ ಎರಡು ಹಸಿ ಕಾಲುಮೂಳೆಗಳಲ್ಲಿ ಒಂದನ್ನು ವಿನೆಗರಿನಲ್ಲಿ ಮುಳುಗಿಸಿಟ್ಟು, ಇನ್ನೊಂದನ್ನು ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಟ್ಟೆವು. ನಡುವೆ ಒಮ್ಮೆ ವಿನೆಗರ್ ಬದಲಿಸಿ, ಒಂದು ವಾರದ ಬಳಿಕ ತೆಗೆದಾಗ ಮೊದಲನೆಯದು ತನ್ನ ಆಕಾರವನ್ನು ಪೂರ್ತಿ ಉಳಿಸಿಕೊಂಡಿದ್ದರೂ ರಬ್ಬರಿನಂತೆ ಬಾಗುತ್ತಿತ್ತು. ಸುಟ್ಟ ಮೂಳೆಯೂ ಆಕಾರ ಕಳೆದುಕೊಂಡಿರಲಿಲ್ಲ, ಆದರೆ ಹೆಬ್ಬೆರಳಿನಿಂದ ಒತ್ತಿದೊಡನೆ ಪುಡಿಯಾಯಿತು. ಆಮ್ಲವು ಖನಿಜವನ್ನು ಕರಗಿಸಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಉಳಿಸಿತ್ತು. ಬೆಂಕಿಯು ಕೊಲಾಜೆನನ್ನು ಸುಟ್ಟು ಖನಿಜವನ್ನು ಉಳಿಸಿತ್ತು.

ಮನುಷ್ಯನ ಮೂಳೆಯ ಹೆಣಿಗೆಯೂ ಇದೇ ಬಗೆಯದು. ಅದರ ತೂಕದಲ್ಲಿ ಸುಮಾರು ಶೇ. 65ರಷ್ಟು ಖನಿಜ, ಶೇ. 25ರಷ್ಟು ಸಾವಯವ ವಸ್ತು, ಉಳಿದದ್ದು ನೀರು. ಖನಿಜವೆಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡಿದ ಹೈಡ್ರಾಕ್ಸಿಅಪಟೈಟ್ ಹರಳುಗಳು. ಸಾವಯವ ಭಾಗದ ಶೇ. 90ರಷ್ಟು ಒಂದನೆಯ ಬಗೆಯ ಕೊಲಾಜೆನ್. ಹರಳು ಒತ್ತಡವನ್ನು ತಡೆದರೆ ಎಳೆಯು ಸೆಳೆತವನ್ನು ತಾಳಿಕೊಳ್ಳುತ್ತದೆ. ರಾಗಿಮುದ್ದೆ ಉಂಡರೆ ಮೂಳೆ ಗಟ್ಟಿಯಾಗುತ್ತದೆ ಎಂಬ ನಮ್ಮ ಕಡೆಯ ಮಾತು ಕ್ಯಾಲ್ಸಿಯಂ ಮಟ್ಟಿಗೆ ಸರಿಯಾದದ್ದೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳಲು ವಿಟಮಿನ್ ಡಿ ಬೇಕು, ಕೊಲಾಜೆನ್ ಎಳೆಗಳು ಸರಿಯಾಗಿ ಹೆಣೆದುಕೊಳ್ಳಲು ವಿಟಮಿನ್ ಸಿ ಬೇಕು. ಡಿ ಕೊರತೆಯ ರಿಕೆಟ್ಸ್ ಮತ್ತು ಸಿ ಕೊರತೆಯ ಸ್ಕರ್ವಿ ಎಂಬ ಎರಡು ಬೇರೆ ಬೇರೆ ಕಾಯಿಲೆಗಳು ಇರುವುದು ಈ ಕಾರಣದಿಂದಲೇ.

ಇನ್ನು ಜೀವಕೋಶಗಳು. ಮೂಳೆಯನ್ನು ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳು ಮೊದಲು ಆಸ್ಟಿಯಾಯ್ಡ್ ಎಂಬ ಮೆದು ಪದರವನ್ನು ಸ್ರವಿಸುತ್ತವೆ. ಕೆಲವು ದಿನಗಳ ನಂತರವೇ ಅದರಲ್ಲಿ ಹರಳುಗಳು ಕೂರುತ್ತವೆ. ಕಟ್ಟುತ್ತ ಕಟ್ಟುತ್ತ ಕೆಲವು ಕೋಶಗಳು ತಾವು ಕಟ್ಟಿದ ಗೋಡೆಯೊಳಗೇ ಉಳಿದುಬಿಡುತ್ತವೆ, ಅವೇ ಆಸ್ಟಿಯೋಸೈಟ್‌ಗಳು. ಪ್ರೌಢ ಮೂಳೆಯ ಕೋಶಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಇವುಗಳೇ. ಕರಗಿಸುವ ಕೆಲಸದ ಆಸ್ಟಿಯೋಕ್ಲಾಸ್ಟ್ ಮಾತ್ರ ಬೇರೆ ಕುಲದ್ದು: ಮೊನೋಸೈಟ್ ಎಂಬ ಬಿಳಿ ರಕ್ತಕಣದ ವಂಶದ ಕೋಶಗಳು ಒಂದರೊಡನೊಂದು ಬೆಸೆದುಕೊಂಡು ಆದ, ಹಲವು ಕೋಶಕೇಂದ್ರಗಳುಳ್ಳ ದೊಡ್ಡ ಕೋಶವದು. ಅದು ಆಮ್ಲವನ್ನು ಸುರಿಸಿ ಖನಿಜವನ್ನೂ, ಕಿಣ್ವಗಳಿಂದ ಕೊಲಾಜೆನನ್ನೂ ಕರಗಿಸುತ್ತದೆ. ನಮ್ಮ ವಿನೆಗರ್ ಮಾಡಿದ್ದು ಈ ಕೆಲಸದ ಮೊದಲರ್ಧವನ್ನು ಮಾತ್ರ.

ಪ್ರಯೋಗಾಲಯದಲ್ಲಿ ಬಹಳ ಮಂದಿ ಎಡವುವ ಒಂದು ಜಾಗವನ್ನು ಇಲ್ಲಿಯೇ ಹೇಳಬೇಕು. ಒಣಮೂಳೆಯನ್ನು ತೆಳ್ಳಗೆ ಉಜ್ಜಿ ತಯಾರಿಸಿದ ಸ್ಲೈಡಿನಲ್ಲಿ ಕಾಣುವ ಕಪ್ಪು ಚುಕ್ಕಿಗಳು ಜೀವಕೋಶಗಳಲ್ಲ; ಕೋಶಗಳು ಹೋದ ಮೇಲೆ ಗಾಳಿ ತುಂಬಿಕೊಂಡ ಖಾಲಿ ಗೂಡುಗಳು, ಅಂದರೆ ಲ್ಯಾಕುನಾಗಳು. ಅವುಗಳಿಂದ ಹೊರಟ, ಜೇಡದ ಕಾಲಿನಂಥ ಸಣ್ಣ ಗೆರೆಗಳು ಕ್ಯಾನಲಿಕುಲೈ ಎಂಬ ಸೂಕ್ಷ್ಮ ಓಣಿಗಳು. ಗಟ್ಟಿ ಖನಿಜದ ಮೂಲಕ ಆಹಾರ ಸೋಸಿಕೊಂಡು ಬರಲಾರದು. ಆದ್ದರಿಂದ ಆಸ್ಟಿಯೋಸೈಟ್‌ಗಳು ಈ ಓಣಿಗಳಲ್ಲಿ ತಮ್ಮ ಎಳೆಗಳನ್ನು ಚಾಚಿ ಒಂದನ್ನೊಂದು ಮುಟ್ಟಿಕೊಂಡು ಬದುಕುತ್ತವೆ. ಕೋಶಗಳನ್ನೇ ನೋಡಬೇಕಾದರೆ ಆಮ್ಲದಲ್ಲಿ ಖನಿಜ ತೆಗೆದು, ಬಣ್ಣ ಹಾಕಿದ ಸ್ಲೈಡನ್ನು ಕೇಳಿ ಪಡೆಯಬೇಕು.

ಆಸ್ಟಿಯಾನಿನ ವಿಷಯಕ್ಕೆ ಬರೋಣ. ನಡುವೆ ರಕ್ತನಾಳಗಳೂ ನರಗಳೂ ಹರಿಯುವ ಹ್ಯಾವರ್ಸಿಯನ್ ನಾಳ, ಅದರ ಸುತ್ತ ಒಂದರ ಹೊರಗೊಂದು ಲ್ಯಾಮೆಲ್ಲಾ ಎಂಬ ತೆಳು ಮೂಳೆ ಪದರಗಳ ಉಂಗುರ. ಒಟ್ಟು ಅಗಲ ಸುಮಾರು 0.2 ಮಿಲಿಮೀಟರ್. 1691ರಲ್ಲಿ ಮೂಳೆಯ ಕುರಿತು ಗ್ರಂಥ ಪ್ರಕಟಿಸಿದ ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್ ಅವರ ಹೆಸರು ಈ ನಾಳಕ್ಕೆ ನಿಂತಿದೆ. ಚಿತ್ರವನ್ನು ಮೊದಲ ಸಲ ಕಂಡಾಗ ಊರಿನ ಸಾಮಿಲ್ಲಿನಲ್ಲಿ ಕೊಯ್ದಿಟ್ಟ ತೇಗದ ದಿಮ್ಮಿಯ ತುದಿಯೇ ನನಗೆ ನೆನಪಾಗಿತ್ತು. ಆ ಹೋಲಿಕೆಯನ್ನು ನಂಬಿ ನಾನು ಬಹಳ ದಿನ ತಪ್ಪಾಗಿ ತಿಳಿದುಕೊಂಡಿದ್ದೆ. ಮರದಲ್ಲಿ ನಡುವಿನ ಉಂಗುರ ಹಳೆಯದು, ತೊಗಟೆಯ ಪಕ್ಕದ್ದು ಹೊಸದು. ಆಸ್ಟಿಯಾನಿನಲ್ಲಿ ಇದು ತಿರುವುಮುರುವು: ಹೊರಗಿನ ಉಂಗುರವೇ ಹಳೆಯದು, ನಾಳವನ್ನು ಒತ್ತಿಕೊಂಡಿರುವ ಉಂಗುರವೇ ತೀರ ಹೊಸದು.

ಅದು ಹುಟ್ಟುವ ರೀತಿಯನ್ನು ತಿಳಿದರೆ ಇದು ಮರೆಯುವುದಿಲ್ಲ. ಮೊದಲು ಆಸ್ಟಿಯೋಕ್ಲಾಸ್ಟ್‌ಗಳ ಗುಂಪು ಹಳೆಯ ಮೂಳೆಯೊಳಗೆ ಸುರಂಗ ಕೊರೆದುಕೊಂಡು ಮುಂದೆ ಹೋಗುತ್ತದೆ. ಅದರ ಹಿಂದೆಯೇ ಬರುವ ಆಸ್ಟಿಯೋಬ್ಲಾಸ್ಟ್‌ಗಳು ಸುರಂಗದ ಗೋಡೆಗೆ ಪದರದ ಮೇಲೆ ಪದರ ಬಳಿಯುತ್ತ, ನಡುವೆ ರಕ್ತನಾಳಕ್ಕೆ ಬೇಕಾದಷ್ಟೇ ಜಾಗ ಉಳಿಯುವವರೆಗೆ ಅದನ್ನು ಕಿರಿದಾಗಿಸುತ್ತವೆ. ಕೊರೆಯಲು ವಾರಗಳು ಸಾಕು, ತುಂಬಲು ತಿಂಗಳುಗಳೇ ಬೇಕು. ಕೊರೆತ ನಿಂತ ಗಡಿಯು ಆಸ್ಟಿಯಾನಿನ ಅಂಚಿನಲ್ಲಿ ಸಿಮೆಂಟ್ ರೇಖೆಯಾಗಿ ಕಾಣುತ್ತದೆ. ಅಕ್ಕಪಕ್ಕದ ಪದರಗಳಲ್ಲಿ ಕೊಲಾಜೆನ್ ಎಳೆಗಳು ಬೇರೆ ಬೇರೆ ದಿಕ್ಕಿಗೆ ಓಡುವುದರಿಂದ, ಪ್ಲೈವುಡ್‌ನಲ್ಲಿ ಆಗುವಂತೆಯೇ, ಒಂದು ಪದರದ ಬಿರುಕು ಮುಂದಿನದಕ್ಕೆ ಸುಲಭವಾಗಿ ದಾಟುವುದಿಲ್ಲ.

ಸ್ಪಂಜಿನಂಥ ಒಳಮೂಳೆಯಲ್ಲಿ ಸಾಮಾನ್ಯವಾಗಿ ಇಂತಹ ಆಸ್ಟಿಯಾನ್‌ಗಳಿರುವುದಿಲ್ಲ. ಅಲ್ಲಿನ ತೆಳು ಪಟ್ಟಿಗಳಿಗೆ ಸುತ್ತಲಿನ ಮಜ್ಜೆಯಿಂದಲೇ ಆಹಾರ ಸಿಗುತ್ತದೆ.

ಪರೀಕ್ಷೆಯಲ್ಲಿ ಗಟ್ಟಿಮೂಳೆಯ ಚಿತ್ರ ಬರೆಯುವಾಗ ದುಂಡನೆಯ ಆಸ್ಟಿಯಾನ್‌ಗಳ ನಡುವಿನ ಜಾಗವನ್ನು ಖಾಲಿ ಬಿಡಬೇಡಿ. ಅಲ್ಲಿ ಕಮಾನಿನ ತುಂಡುಗಳಂತೆ ಅರ್ಧಕ್ಕೆ ಕತ್ತರಿಸಿದ ಉಂಗುರಗಳಿರುತ್ತವೆ. ಅವು ಬಹುಪಾಲು ಹೊಸ ಸುರಂಗಗಳು ಕೊರೆದು ಹೋದ ಮೇಲೆ ಉಳಿದ ಹಳೆಯ ಆಸ್ಟಿಯಾನ್‌ಗಳ ಭಾಗಗಳು. ಇವುಗಳನ್ನು ಇಂಟರ್‌ಸ್ಟಿಷಿಯಲ್ ಲ್ಯಾಮೆಲ್ಲಾ ಎಂದು ಗುರುತಿಸಿ, ಅವುಗಳ ಉಂಗುರಗಳು ಪಕ್ಕದ ಸಿಮೆಂಟ್ ರೇಖೆಯ ಬಳಿ ಥಟ್ಟನೆ ನಿಂತುಹೋಗುವುದನ್ನು ಪೆನ್ಸಿಲಿನಲ್ಲಿ ಸ್ಪಷ್ಟವಾಗಿ ತೋರಿಸಿ.