ಗುಡ್ಡ ಹತ್ತುವ ಗಾಡಿಗೆ ಬೇಕಾದದ್ದು ನಿಧಾನ

ಹೊಸದಾಗಿ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ) ತೆಗೆದುಕೊಂಡವರು ನಮ್ಮ ಗ್ಯಾರೇಜಿಗೆ ಬರುವಾಗ ಕೈಯಲ್ಲೊಂದು ಪಟ್ಟಿ ಇರುತ್ತದೆ. ದಪ್ಪ ಟೈರು, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಹೂತ ಗಾಡಿ ಎಳೆಯುವ ವಿಂಚು, ನೀರಿಗಿಳಿದಾಗ ಎತ್ತರದಿಂದ ಎಂಜಿನ್ನಿಗೆ ಗಾಳಿ ಕೊಡುವ ಸ್ನಾರ್ಕೆಲ್, ತಲೆಯ ಮೇಲೆ ಸಾಲುದೀಪ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಬಾಡಿಗೆ ಹೊಡೆಯುವ ಜೀಪಿನವರ ಬೇಡಿಕೆಯೇ ಬೇರೆ. ಕ್ಲಚ್ ಪ್ಲೇಟ್ ಎಷ್ಟು ಉಳಿದಿದೆ ನೋಡಿ, ಇಳಿಜಾರಲ್ಲಿ ಲೋ ಗೇರು ಕಳಚಿಕೊಳ್ತಿದೆ, ಪ್ಲೇಟ್ ಸೆಟ್ಟಿನ (ಸ್ಪ್ರಿಂಗ್ ಪಟ್ಟಿಗಳ) ಬುಷ್ ಹೋಗಿದೆ ಅನ್ನುತ್ತಾರೆ. ಅವರ ಗಾಡಿಯಲ್ಲಿ ಸಾಲುದೀಪ ಇರಲಿ, ಕೆಲವೊಮ್ಮೆ ಸೈಡ್ ಮಿರರ್ರೂ ಇರುವುದಿಲ್ಲ. ಆದರೂ ಮೇಲೆ ಹತ್ತಿ ಕೆಳಗಿಳಿಯುತ್ತಾರೆ.

ಯಾವ ಗಾಡಿ ತಗೊಳ್ಳಲಿ ಅಂತ ಕೇಳಿದವರಿಗೆ ನಾನು ಮೊದಲು ಹೇಳುವುದು ಹಾರ್ಸ್‌ಪವರ್ ಬಿಡಿ ಎಂದು. ಗಾಡಿ ಎಷ್ಟು ವೇಗ ಹೋಗುತ್ತದೆ ಅನ್ನುವುದು ಹೆದ್ದಾರಿಯ ಲೆಕ್ಕ. ಬಂಡೆ, ಬೇರು, ಕೊರಕಲು ಇರುವ ದಾರಿಯಲ್ಲಿ ನೋಡಬೇಕಾದದ್ದು ಕ್ಲಚ್ಚನ್ನೂ ಬ್ರೇಕನ್ನೂ ಮುಟ್ಟದೆ ಎಷ್ಟು ನಿಧಾನ ಹೋಗುತ್ತದೆ ಅನ್ನುವುದನ್ನು. ಇದಕ್ಕೊಂದು ಸುಲಭದ ಲೆಕ್ಕ ಇದೆ. ಫಸ್ಟ್ ಗೇರಿನ ಅನುಪಾತ, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಹಿಂದೆ ಮುಂದೆ ಎರಡೂ ಆಕ್ಸಲ್ಲಿಗೆ ಹಂಚುವ, ಲೋ ಗೇರು ಇರುವ ಪೆಟ್ಟಿಗೆ) ಲೋ ಅನುಪಾತ, ಆಕ್ಸಲ್ಲಿನ ಕ್ರೌನ್-ಪಿನಿಯನ್ (ಚಕ್ರಕ್ಕೆ ಬಲ ಮುಟ್ಟಿಸುವ ಕೊನೆಯ ಗೇರು ಜೋಡಿ) ಅನುಪಾತ, ಈ ಮೂರನ್ನೂ ಗುಣಿಸಿ. ಮಾರುತಿಯ ಮ್ಯಾನ್ಯುವಲ್ ಜಿಮ್ನಿಯಲ್ಲಿ ಅದು 4.425, 2.002 ಮತ್ತು 4.09. ಗುಣಿಸಿದರೆ ಸುಮಾರು 36. ಅಂದರೆ ಎಂಜಿನ್ 36 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡ್ಲಿಂಗ್ ಇದ್ದಾಗ ಗಾಡಿ ಗಂಟೆಗೆ ಸುಮಾರು 3 ಕಿ.ಮೀ. ಹೋಗುತ್ತದೆ, ನಾವು ನಡೆಯುವುದಕ್ಕಿಂತಲೂ ನಿಧಾನ. ಲೋ ತೆಗೆದರೆ ಅದು ಹೆಚ್ಚುಕಡಿಮೆ 6 ಕಿ.ಮೀ. ಆಗುತ್ತದೆ. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಕಡಿದಾದ ಇಳಿಜಾರಿನಲ್ಲಿ ಮುಂದೆ ಕಲ್ಲು, ಪಕ್ಕದಲ್ಲಿ ಪ್ರಪಾತ ಇರುವಾಗ ಅದರ ಬೆಲೆ ಗೊತ್ತಾಗುತ್ತದೆ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೂ ಇದೇ ಲೆಕ್ಕ. 60 ಹಾರ್ಸ್‌ಪವರ್ ಆಸುಪಾಸಿನ ಎಂಜಿನ್, ಜೊತೆಗೊಂದು ಲೋ ಗೇರು, ಅಷ್ಟೇ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಅದರ ಸಂತತಿಯನ್ನೇ ಇಲ್ಲಿ ಜೋಡಿಸಲು ಶುರುಮಾಡಿದರು. ಮಲೆನಾಡಿನ ಎಸ್ಟೇಟುಗಳಲ್ಲಿ ಕಾಫಿ ಮೂಟೆ, ಗೊಬ್ಬರ, ಆಳುಗಳು, ಹೆರಿಗೆ ನೋವು ಬಂದ ಹೆಂಗಸರು ಎಲ್ಲರನ್ನೂ ಹೊತ್ತದ್ದು ಆ ಗಾಡಿಗಳೇ. ಅವುಗಳಲ್ಲಿ ಇಳಿಯುವಾಗ ಹಳೇ ಡ್ರೈವರ್‌ಗಳು ಕ್ಲಚ್ಚಿನ ಕಡೆ ಕಾಲನ್ನೇ ಒಯ್ಯುವುದಿಲ್ಲ. ಕ್ಲಚ್ ಒತ್ತಿದ ಕ್ಷಣ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಜಾರತೊಡಗುತ್ತದೆ, ಒದ್ದೆ ಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಈಗಿನ ಗಾಡಿಗಳಲ್ಲಿ ಇಳಿಜಾರು ನಿಯಂತ್ರಣದ ಬಟನ್ ಬಂದಿದೆ, ಬ್ರೇಕನ್ನು ಅದೇ ಬಿಟ್ಟುಬಿಟ್ಟು ಒತ್ತುತ್ತದೆ. ಒಳ್ಳೆಯದೇ. ಆದರೆ ಲೋ ಗೇರಿಗೆ ಅದು ಬದಲಿಯಲ್ಲ, ಅದನ್ನೇ ನಂಬಿದರೆ ಬ್ರೇಕ್ ಬಿಸಿಯಾಗುತ್ತದೆ.

ಇಲ್ಲೊಂದು ಮಾತು, ಹಳಬರಿಗೆ ಹಿಡಿಸದಿದ್ದರೂ ಸರಿ. ಹೊಸಬರಿಗೆ ಆಟೋಮ್ಯಾಟಿಕ್ ಒಳ್ಳೆಯದು. ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ಕಿನಲ್ಲಿ ಏರಿನ ಮಧ್ಯೆ ನಿಂತು ಹೊರಡುವಾಗ ಕ್ಲಚ್ ಸುಡುವ ಭಯವಿಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿಗೆ ಬರುವ ಕ್ಲಚ್ ಕೆಲಸದಲ್ಲಿ ಬಹುಪಾಲು ಹೈ ಗೇರಿನಲ್ಲೇ ಏರು ಹತ್ತಿಸಲು ಹೋಗಿ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಾಡಿಸಿದವರದ್ದು.

ಎರಡನೆಯದು ಡಿಫರೆನ್ಷಿಯಲ್, ತಿರುವಿನಲ್ಲಿ ಒಂದೇ ಆಕ್ಸಲ್ಲಿನ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಗುಂಪು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ ಎಂದು ನಂಬಿ ಗುಂಡಿಗಿಳಿದವರಿಗೆ ಅಲ್ಲೇ ಪಾಠವಾಗುತ್ತದೆ. ಸಾಧಾರಣ ಡಿಫರೆನ್ಷಿಯಲ್ ಎರಡೂ ಪಕ್ಕದ ಚಕ್ರಗಳಿಗೆ ಒಂದೇ ಸಮನಾದ ತಿರುಚುಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ, ಹಾಗಾಗಿ ನೆಲ ಕಚ್ಚಿರುವ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡೂ ಒಟ್ಟಿಗೆ ಹಗುರಾದರೆ ಫೋರ್ ವೀಲ್ ಗಾಡಿಯೂ ನಿಂತಲ್ಲೇ ಚಕ್ರ ತಿರುಗಿಸುತ್ತಾ ಕೂರುತ್ತದೆ. ಇದಕ್ಕೆ ಮದ್ದು ಮೂರು ಥರ. ಜಿಮ್ನಿಯಲ್ಲಿ ಸುಮ್ಮನೆ ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನು ಆಚೆ ತಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಎರಡೂ ಚಕ್ರವನ್ನು ಒಟ್ಟಿಗೆ ಬೆಸೆಯುವ, ತಾನಾಗಿಯೇ ಬೀಳುವ ಮೆಕ್ಯಾನಿಕಲ್ ಲಾಕ್ ಇದೆ. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಡ್ರೈವರೇ ಹಾಕುವ ಲಾಕ್ ಇದೆ. ನನ್ನನ್ನು ಕೇಳಿದರೆ ಕೆಸರಿಗೆ ಗೂರ್ಖಾದ್ದೇ ಸರಿ, ಜಾರುವ ಮೊದಲೇ ಲಾಕ್ ಹಾಕಿಕೊಳ್ಳಬಹುದು. ಬ್ರೇಕ್ ಹಾಕುವ ವ್ಯವಸ್ಥೆಗೆ ಚಕ್ರ ಒಂದಷ್ಟು ಸುತ್ತಿದ ಮೇಲೆಯೇ ಎಚ್ಚರ. ಅಷ್ಟರಲ್ಲಿ ನಮ್ಮ ಕೆಂಪು ಜೇಡಿಯಲ್ಲಿ ಅರ್ಧ ಟೈರು ಹೂತಿರುತ್ತದೆ. ಆ ಸಂದರ್ಭದಲ್ಲಿ ಆ್ಯಕ್ಸಿಲರೇಟರ್ ಬಿಟ್ಟುಬಿಡುವುದು ತಪ್ಪು, ಸ್ವಲ್ಪ ಹೊತ್ತು ಒಂದೇ ಸಮ ಒತ್ತಿ ಹಿಡಿದರೆ ಮಾತ್ರ ಬ್ರೇಕು ತನ್ನ ಕೆಲಸ ಮಾಡುತ್ತದೆ. ಇದನ್ನು ಯಾರೂ ಹೇಳಿಕೊಡದ ಕಾರಣ ಎಷ್ಟೋ ಜನ ಗಾಡಿಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ.

ಫೋರ್ ವೀಲ್ ಹಾಕುವ ಲಿವರ್ ಸಿಕ್ಕಿಕೊಂಡಿದೆ ಎಂಬ ದೂರು ಕೂಡ ಇಂಥದ್ದೇ. ಈ ಗಾಡಿಗಳಲ್ಲಿ ಫೋರ್ ಹೈ (ಲೋ ಇಲ್ಲದೆ ನಾಲ್ಕೂ ಚಕ್ರಕ್ಕೆ ಬಲ) ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಕೆಸರಾದರೆ ಟೈರು ಜಾರಿ ಲೆಕ್ಕ ಸರಿಯಾಗುತ್ತದೆ, ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟು, ಗೇರುಗಳು ಬಿಗಿದುಕೊಳ್ಳುತ್ತವೆ. ನೇರವಾಗಿ ಸ್ವಲ್ಪ ರಿವರ್ಸ್ ಹೋದರೆ ಬಿಗಿ ಸಡಿಲಾಗಿ ಲಿವರ್ ಬರುತ್ತದೆ. ಸುತ್ತಿಗೆ ತರಬೇಡಿ.

ಲಿಫ್ಟ್ ಕಿಟ್ ಬಗ್ಗೆ ಕೇಳಿದವರನ್ನು ನಾನು ಗಾಡಿಯ ಅಡಿಗೆ ಕರೆದೊಯ್ದು ತೋರಿಸುತ್ತೇನೆ. ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರವಿರುವುದು ಡಿಫರೆನ್ಷಿಯಲ್ ಹೌಸಿಂಗ್. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ, ಬಾಡಿ ಮೇಲೇಳುತ್ತವೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ಏರಿಸುವುದು ಟೈರು ಮಾತ್ರ, ಅದೂ ಎರಡಿಂಚು ದೊಡ್ಡ ಟೈರು ಹಾಕಿದರೆ ಒಂದಿಂಚು. ಲಿಫ್ಟಿನಿಂದ ಮೂತಿ, ಹೊಟ್ಟೆ, ಬಾಲ ತಗುಲುವ ಕೋನಗಳು ಸುಧಾರಿಸುತ್ತವೆ ನಿಜ, ಜೊತೆಗೆ ಗಾಡಿ ಪಕ್ಕಕ್ಕೆ ಮಗುಚುವ ಭಯವೂ ಏರುತ್ತದೆ. ದೊಡ್ಡ ಟೈರಿಗೂ ದಂಡ ಕಟ್ಟಬೇಕು. ಟೈರಿನ ಸುತ್ತಳತೆ ಹೆಚ್ಚಾದಷ್ಟು ಮೇಲೆ ಹೇಳಿದ ನಿಧಾನ ಕೈತಪ್ಪುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಮುಂದಿನ ಜಾಯಿಂಟುಗಳು ಬೇಗ ಹೋಗುತ್ತವೆ. ಕಾನೂನಿನ ಪ್ರಶ್ನೆ ಬೇರೆ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇನ್ಶೂರೆನ್ಸಿನವರಿಗೂ ಅದು ಚೆನ್ನಾಗಿ ನೆನಪಿರುತ್ತದೆ.

ಹಾಗಾದರೆ ಟೈರಿಗೆ ದುಡ್ಡು ಹಾಕಬಾರದೇ? ಹಾಕಬೇಕು, ಮೊದಲು ಅದಕ್ಕೇ ಹಾಕಬೇಕು, ಆದರೆ ಕಂಪನಿ ಕೊಟ್ಟ ಅಳತೆಯಲ್ಲೇ. ಮಡ್ ಟೆರೈನ್ ಟೈರಿನ ದೊಡ್ಡ ಗೂಡುಗಳು ಸುತ್ತುವಾಗ ಮಣ್ಣನ್ನು ಎಸೆದು ತಮ್ಮನ್ನು ತಾವೇ ತೊಳೆದುಕೊಳ್ಳುತ್ತವೆ. ಆಲ್ ಟೆರೈನ್ ಟೈರಿಗೆ ಜೇಡಿ ಮೆತ್ತಿಕೊಂಡರೆ ಬಿಡುವುದು ಕಷ್ಟ. ಆದರೆ ಪಾಚಿಗಟ್ಟಿದ ಬಂಡೆ, ಮಳೆಯಲ್ಲಿ ನೆನೆದ ಘಾಟಿ ರಸ್ತೆಯ ಮೇಲೆ ಆಲ್ ಟೆರೈನೇ ಹೆಚ್ಚು ಕಚ್ಚುತ್ತದೆ, ಅದರ ಮೈತುಂಬ ಸಣ್ಣ ಸೀಳುಗಳಿರುತ್ತವೆ. ವಾರವೆಲ್ಲ ಆಫೀಸಿಗೆ ಹೋಗಿ ಶನಿವಾರ ಶಿರಾಡಿ ಘಾಟಿ ಇಳಿಯುವವರಿಗೆ ನಾನು ಮಡ್ ಟೈರ್ ಹಾಕಿಕೊಡಲು ಹಿಂದೆಮುಂದೆ ನೋಡುತ್ತೇನೆ. ಇನ್ನು ಖರ್ಚೇ ಇಲ್ಲದ ಉಪಾಯವೆಂದರೆ ಗಾಳಿ ಇಳಿಸುವುದು. 30 ಪಿಎಸ್‌ಐ ಇದ್ದದ್ದನ್ನು 18-20ಕ್ಕೆ ತಂದರೆ ಟೈರು ಉದ್ದಕ್ಕೆ ಚಪ್ಪಟೆಯಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ, ಕಲ್ಲಿನ ಏಟನ್ನೂ ನುಂಗುತ್ತದೆ. ಡಾಂಬರಿಗೆ ಬಂದ ಕೂಡಲೇ ತುಂಬಿಸಲು ಸಣ್ಣ ಕಂಪ್ರೆಸರ್ ಇರಲಿ. ಸಾಲುದೀಪದ ದುಡ್ಡಿನಲ್ಲಿ ಅದೂ ಬರುತ್ತದೆ, ಗೇಜೂ ಬರುತ್ತದೆ.

ತೂಕದ ಬಗ್ಗೆ ಎರಡೇ ಮಾತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮೊದಲ ಎಂಜಿನ್ ಒಂದು ಲೀಟರೂ ಇರಲಿಲ್ಲ. ಗಾಡಿ ಸಾವಿರ ಕೆ.ಜಿ. ಆಸುಪಾಸು. ಭಾರದ ಗಾಡಿಗಳು ಹೂತುಕೊಳ್ಳುವ ಜಾಗದಲ್ಲಿ ಅದು ತೇಲಿಕೊಂಡು ಹೋಗುತ್ತಿತ್ತು, ಹೂತರೂ ನಾಲ್ಕು ಜನ ಸೇರಿ ತಳ್ಳಿ ಹೊರಗೆ ತರಬಹುದಿತ್ತು. ವಿಂಚು, ಕಬ್ಬಿಣದ ಬಂಪರ್, ಮೇಲೊಂದು ಕ್ಯಾರಿಯರ್ ಎಂದು ನೂರಿನ್ನೂರು ಕೆ.ಜಿ. ಏರಿಸುವವರು ಇದನ್ನು ಯೋಚಿಸಬೇಕು.

ನೀರಿನ ವಿಷಯಕ್ಕೆ ಬಂದರೆ ಎಲ್ಲರ ಕಣ್ಣೂ ಸ್ನಾರ್ಕೆಲ್ ಮೇಲೆ. ಥಾರ್ 650 ಮಿ.ಮೀ., ಗೂರ್ಖಾ 700 ಮಿ.ಮೀ. ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿಗಳೇ ಹೇಳುತ್ತವೆ. ಹಳ್ಳ ಅದಕ್ಕಿಂತ ಆಳವಿದೆಯೇ ಎಂದು ನಡೆದು ನೋಡದೆ ಇಳಿಯುವುದೇ ತಪ್ಪು. ನಾನು ರಿಪೇರಿ ಮಾಡುವುದು ಎಂಜಿನ್ನಿಗೆ ನೀರು ಹೋದ ಗಾಡಿಗಳಿಗಿಂತ ಹೆಚ್ಚಾಗಿ ಆಕ್ಸಲ್ಲಿಗೆ ನೀರು ಹೋದವನ್ನು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಉಸಿರಾಡುವ ಬ್ರೀದರ್ ಕೆಳಗಿದ್ದರೆ ಗಾಳಿಯ ಬದಲು ನೀರು ಒಳಗೆ. ತಿಂಗಳು ಕಳೆದು ಡ್ರೈನ್ ನಟ್ ಬಿಚ್ಚಿದರೆ ಹಾಲು ಹಾಕಿದ ಚಹಾದ ಹಾಗೆ ಎಣ್ಣೆ ಬರುತ್ತದೆ, ಅಷ್ಟರಲ್ಲಿ ಬೇರಿಂಗಿಗೆ ತುಕ್ಕು. ಬ್ರೀದರಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ಒಯ್ದರೆ ಈ ಕಥೆ ಮುಗಿಯುತ್ತದೆ. ಫೋಟೋದಲ್ಲಿ ಕಾಣುವುದಿಲ್ಲವಾದ್ದರಿಂದ ಇದನ್ನು ಕೇಳಿಕೊಂಡು ಬರುವವರು ಕಡಿಮೆ.

ಕೊನೆಗೆ ಎಳೆಯುವ ಕೊಂಡಿ. ಗಾಡಿ ಖರೀದಿಸುವಾಗಲೇ ಬಗ್ಗಿ ನೋಡಿ, ಮುಂದೆ ಹಿಂದೆ ಎರಡೂ ಕಡೆ ಚಾಸಿಗೆ ಬೋಲ್ಟ್ ಹಾಕಿದ ಕೊಂಡಿ ಇದೆಯೇ ಎಂದು. ಲಾರಿಯಲ್ಲಿ ಸಾಗಿಸುವಾಗ ಗಾಡಿಯನ್ನು ಬಿಗಿಯಲು ಕೊಟ್ಟ ತೆಳುವಾದ ಬಳೆಗೆ ಹಗ್ಗ ಹಾಕಬಾರದು. ಟ್ರೈಲರ್ ಸಿಕ್ಕಿಸುವ ಉಕ್ಕಿನ ಉಂಡೆಗಂತೂ ಹಾಕಲೇಬಾರದು, ಅದು ಮುರಿದರೆ ಹಿಂದಿನ ಗಾಡಿಯ ಗಾಜು ಒಡೆದು ಒಳಗೆ ಬರುತ್ತದೆ. ಒಬ್ಬರೇ ಕಾಡುದಾರಿ ಹಿಡಿಯುವವರಲ್ಲದಿದ್ದರೆ ವಿಂಚಿಗಿಂತ ಒಳ್ಳೆಯ ಕೈನೆಟಿಕ್ ಹಗ್ಗ (ಎಳೆದಾಗ ಹಿಗ್ಗುವ ಹಗ್ಗ), ಅದನ್ನು ಕೊಂಡಿಗೆ ಸಿಕ್ಕಿಸುವ ಎರಡು ಶ್ಯಾಕಲ್, ಒಂದು ಸಲಿಕೆ ಸಾಕು. ಮೊದಲು ಸಲಿಕೆ, ಚಕ್ರದ ಮುಂದಿನ ಮಣ್ಣು ತೆಗೆಯದೆ ಎಳೆದರೆ ಹಗ್ಗಕ್ಕೂ ಕೊಂಡಿಗೂ ದುಪ್ಪಟ್ಟು ಹೊರೆ. ಎಳೆಯುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು, ವಿಡಿಯೋ ಮಾಡುವವರೂ ಸೇರಿ.